ಕ್ರ್ಯಾಶ್ ಕಾಯುತ್ತಾ ನಿದ್ದೆಗೆಟ್ಟವರು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಮಳೆಗಾಲದ ಒಂದು ಸಂಜೆ ಗಂಡ ಹೆಂಡತಿ ಬಂದರು. ಮಾತು ಶುರು ಮಾಡಿದ್ದು ಹೆಂಡತಿ. "ಹನ್ನೊಂದು ದಿನ ಆತ್ರಿ ಮೇಡಂ, ಇವರು ಸರಿಯಾಗಿ ಮಲಗೇ ಇಲ್ಲ. ರಾತ್ರಿ ಮೂರಕ್ಕ ಎದ್ದು ಲ್ಯಾಪ್‌ಟಾಪ್ ನೋಡ್ತಾರ." ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಗಂಡನಿಗೆ 29 ವರ್ಷ. ಮನೆಯಿಂದಲೇ ಸಿಸ್ಟಂ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕಾರ್ಖಾನೆಯ ಯಂತ್ರ ನಡೆಸುವ ಸಾಫ್ಟ್‌ವೇರ್ ಅದು. ಅದರಲ್ಲಿ ಥ್ರೆಡ್‌ಗಳನ್ನು, ಅಂದರೆ ಒಟ್ಟೊಟ್ಟಿಗೆ ಓಡುವ ಕೆಲಸಗಳನ್ನು, ನಿಭಾಯಿಸುವ ಲೈಬ್ರರಿ ಟೆಸ್ಟ್‌ನಲ್ಲಿ ಬೀಳುತ್ತಿತ್ತು, ಅಂದರೆ ಕ್ರ್ಯಾಶ್ ಆಗುತ್ತಿತ್ತು. ಪ್ರತಿ ಸಲ ಅಲ್ಲ, ಸಾವಿರಾರು ಸಲ ಓಡಿಸಿದರೆ ಒಮ್ಮೆ. ಎಲ್ಲಿ ಬೀಳುತ್ತದೆ ಅಂತ ನೋಡಲು ಕೋಡಿನಲ್ಲಿ ಒಂದು ಪ್ರಿಂಟ್ ಸಾಲು (ಪರದೆಗೆ ಸಂದೇಶ ಬರೆಸುವ ಸಾಲು) ಹಾಕಿದರೆ ಕ್ರ್ಯಾಶೇ ಮಾಯ. ತೆಗೆದರೆ ಮತ್ತೆ ಹಾಜರ್.

ಇಲ್ಲೇ ಅವರ ಮನಸ್ಸು ಸಿಕ್ಕಿಕೊಂಡಿತ್ತು. "ನಾ ನೋಡಿದ್ರ ಆಗಂಗಿಲ್ಲ, ನೋಡದಿದ್ರ ಆಗತದ" ಎಂದರು. ಹಾಗಂತ ರಾತ್ರಿಯಿಡೀ ಕಾವಲು. ಮಾತಾಡುವಾಗಲೂ ಮೊಣಕಾಲ ಮೇಲೆ ಫೋನ್ ಬೋರಲಾಗಿತ್ತು. ಅದು ಅದುರಿದಾಗೆಲ್ಲ ಹೆಬ್ಬೆರಳು ತಾನಾಗಿಯೇ ಅಂಚಿಗೆ ಹೋಗುತ್ತಿತ್ತು.

ಪ್ರಿಂಟ್ ಹಾಕಿದರೆ ಕ್ರ್ಯಾಶ್ ಯಾಕೆ ನಿಲ್ಲುತ್ತದೆ ಎಂದು ನಾನೇ ಕೇಳಿದೆ. ಸಲೀಸಾಗಿ ಹೇಳಿದರು: ಪ್ರಿಂಟ್‌ಗೆ ಸ್ವಲ್ಪ ಸಮಯ ಹಿಡಿಯುತ್ತದೆ, ಥ್ರೆಡ್‌ಗಳು ಓಡುವ ಸರದಿ ಬದಲಾಗುತ್ತದೆ. "ಹಾಗಾದರೆ ಅದನ್ನು ತಡೆದದ್ದು ನಿಮ್ಮ ಕಣ್ಣಲ್ಲ, ಅಲ್ವಾ?" ಎಂದೆ. ಸುಮ್ಮನಾದರು. "ನೀವು ಮಲಗಿದ್ದಾಗ ಕ್ರ್ಯಾಶ್ ಆದರೆ ಏನಾಗುತ್ತದೆ?" "ಕೋರ್ ಫೈಲ್ ಉಳಿತದ್ರಿ. ಬಿದ್ದ ಗಳಿಗೆಯ ಮೆಮೊರಿ ಎಲ್ಲಾ ಅದರಾಗ ಇರತದ." ಇಷ್ಟು ಹೇಳಿ ಅವರು ಹೆಂಡತಿಯ ಮುಖ ನೋಡಿದರು. ಆ ಫೈಲ್ ಬೆಳಗಿನ ತನಕ ಕಾಯುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಭಯ ಅದನ್ನು ಮರೆಸಿತ್ತು.

ಭಯಕ್ಕೂ ಬೇರು ಇತ್ತು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಬಗ್ಗೆ ಅವರು ಓದಿದ್ದರು. 1985ರಿಂದ 1987ರವರೆಗೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಅದು ವಿಪರೀತ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಒಂದು ಕಾರಣ ಇಂಥದ್ದೇ ಸರದಿ ತಪ್ಪಿದ ದೋಷ. "ನನ್ನ ಕೈಯಿಂದ ಹಂಗಾದ್ರ?" ಎನ್ನುವಾಗ ಧ್ವನಿ ಒಡೆಯಿತು. ಅತಿಯಾಗಿ ಯೋಚಿಸಬೇಡಿ ಅಂತ ನಾನು ಹೇಳಲಿಲ್ಲ. ಹಾಗೆ ಹೇಳುವುದು ತಪ್ಪು ಅಂತಲೇ ನನ್ನ ನಂಬಿಕೆ. ಯಾರಿಗೋ ಪೆಟ್ಟಾದೀತು ಎಂಬ ಕಾಳಜಿ ಒಳ್ಳೆಯದೇ. ಆದರೆ ಅದೇ ಪ್ರಕರಣದ ಇನ್ನೊಂದು ಭಾಗ ನೆನಪಿಸಿದೆ. ಹಳೆಯ ಮಾದರಿಯಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ಅದರಲ್ಲಿ ಕೈಬಿಟ್ಟಿದ್ದರು. ದೂರು ಬಂದಾಗ ಯಂತ್ರದ್ದು ತಪ್ಪಿರಲಾರದು ಅಂದುಕೊಂಡಿದ್ದರು. ಒಬ್ಬ ಮನುಷ್ಯ ನಿದ್ದೆ ಮಾಡಿದ್ದಕ್ಕೆ ಆದದ್ದಲ್ಲ ಅದು. ನಿಮ್ಮ ಕ್ರ್ಯಾಶ್ ಬಗ್ಗೆ ತಂಡದ ಮುಖ್ಯಸ್ಥರಿಗೆ, ಅಂದರೆ ಲೀಡ್‌ಗೆ, ಪೂರ್ತಿ ಹೇಳಿದ್ದೀರಾ ಎಂದೆ. ಇಲ್ಲ. ಕಾರಣ ಸಿಗದೆ ಹೇಳಿದರೆ ಕೆಲಸ ಬಾರದವನು ಅಂದಾರು ಅಂತ ಮುಚ್ಚಿಟ್ಟಿದ್ದರು.

ಬದುಕೇ ಬೇಡ ಅನಿಸಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರಿಗೂ ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು.

ಸಲಹೆ ಜಾಸ್ತಿ ಕೊಡಲಿಲ್ಲ. ನಾಳೆ ಬೆಳಿಗ್ಗೆಯೇ ಲೀಡ್‌ಗೆ ಬರೆಯಿರಿ. ಒಂದು ವಹಿಯಲ್ಲಿ ಗೆರೆ ಎಳೆದು ಎಡಕ್ಕೆ ಗೊತ್ತಿರುವುದು, ಬಲಕ್ಕೆ ಬರೀ ಅನಿಸಿದ್ದು ಬರೆಯಿರಿ. ಎಡದ್ದನ್ನು ಮಾತ್ರ ಕಳಿಸಿ. ರಾತ್ರಿ ಟೆಸ್ಟ್ ಓಡಲಿ, ಲ್ಯಾಪ್‌ಟಾಪ್ ಮಲಗುವ ಕೋಣೆಯಲ್ಲಿ ಬೇಡ. ಒಂಬತ್ತರ ನಂತರ ಫೋನ್ ಹೆಂಡತಿಯ ಹತ್ತಿರ ಇರಲಿ. ನಿದ್ದೆ ಬರದಿದ್ದರೆ ಹೊರಳಾಡಬೇಡಿ, ಎದ್ದು ಪಡಸಾಲೆಯಲ್ಲಿ ಕೂತು, ಕಣ್ಣು ಎಳೆದಾಗ ಬನ್ನಿ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ.

ಮೊದಲ ಎರಡು ರಾತ್ರಿ ಫೋನಿಗಾಗಿ ಜಗಳವೇ ಆಯಿತಂತೆ.

ಮೂರನೇ ಭೇಟಿಗೆ ವಹಿ ತಂದಿದ್ದರು. ಬಲಗಡೆ "ನಾ ದಡ್ಡ" ಎಂದು ನಾಲ್ಕು ಸಲ ಬರೆದಿತ್ತು. ಎಡಗಡೆ ಕಾರಣ ಇತ್ತು. ಲೀಡ್ ಜೊತೆಗೆ ಕೂತು ಕೋರ್ ಫೈಲ್‌ನಲ್ಲಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್, ಅಂದರೆ ಬಿದ್ದ ಗಳಿಗೆಗೆ ಯಾವುದು ಎಲ್ಲಿತ್ತು ಎಂಬ ಪಟ್ಟಿ, ನೋಡಿದ್ದರು. ಒಂದು ಥ್ರೆಡ್ ಅನ್‌ಲಾಕ್ ಮುಗಿಸುವ ಮೊದಲೇ ಇನ್ನೊಂದು ಆ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಂದೇ ಥ್ರೆಡ್ ಒಳಬಿಡುವ ಬೀಗ) ಇದ್ದ ಮೆಮೊರಿಯನ್ನೇ ಬಿಟ್ಟುಕೊಟ್ಟಿತ್ತು. "ಒಬ್ಬಾಂವ ಕೀಲಿ ತೆಗೆದು ಕೈ ಹಿಂದ ತಗೊಳ್ಳೂದ್ರಾಗ ಇನ್ನೊಬ್ಬಾಂವ ಬಾಗಿಲಾನೇ ಕಿತ್ಕೊಂಡು ಹೋದಂಗ್ರಿ" ಎಂದು ನನಗೆ ಬಿಡಿಸಿ ಹೇಳಿದರು. ಆ ಕ್ರ್ಯಾಶ್ ಆದದ್ದು ರಾತ್ರಿ 2:40ಕ್ಕೆ. ಅವರು ನೋಡಿದ್ದು ಬೆಳಿಗ್ಗೆ, ಚಹಾ ಕುಡಿದ ಮೇಲೆ.

ನಿದ್ದೆ ಇನ್ನೂ ಐದು ತಾಸಿನಷ್ಟೇ. ವಹಿ ಮುಂದುವರಿಸಲು ಹೇಳಿದ್ದೇನೆ. ಮುಂದಿನ ತಿಂಗಳು ಇಬ್ಬರೂ ಮತ್ತೆ ಬರುತ್ತಾರೆ.