ಮಕ್ಕಳಿಗಾಗಿ ಇಷ್ಟು ಯೋಜನೆಗಳಿದ್ದರೂ ಬಡತನ ಮುಂದಿನ ತಲೆಮಾರಿಗೆ ಏಕೆ ದಾಟುತ್ತಿದೆ?

ಅಂಗನವಾಡಿ, ಬಿಸಿಯೂಟ, ಹಾಲು, ಮೊಟ್ಟೆ, ಈಗ ಗೃಹಲಕ್ಷ್ಮಿ, ಯುವನಿಧಿ ಎಂದು ಸರ್ಕಾರ ಇಷ್ಟೆಲ್ಲ ಖರ್ಚು ಮಾಡುತ್ತಿರುವಾಗ ಮಕ್ಕಳ ಬದುಕು ನಿಜವಾಗಿ ಸುಧಾರಿಸಿದೆಯೇ, ಸುಧಾರಿಸಿದ್ದರೆ ಬಡವರ ಮಕ್ಕಳು ಬೆಳೆದು ಮತ್ತೆ ಬಡವರಾಗಿಯೇ ಉಳಿಯುತ್ತಿರುವುದೇಕೆ ಎಂದು ನೀವು ಕೇಳಿದ್ದೀರಿ. ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾದವಳು. ಚಳ್ಳಕೆರೆ ಸೀಮೆಯ ಹಟ್ಟಿಗಳನ್ನೂ ಹೊಳಲ್ಕೆರೆ ಕಡೆಯ ತಾಂಡಾಗಳನ್ನೂ ನಡೆದು ಬಲ್ಲೆ. ಆ ಅನುಭವದಿಂದ ಹೇಳುವುದಾದರೆ, ಸುಧಾರಣೆ ಆಗಿರುವುದು ನಿಜ, ಆದರೆ ಅದು ಮುಖ್ಯವಾಗಿ ಮಗು ಶಾಲೆಯಲ್ಲಿ ಕುಳಿತಿರುವ ವಯಸ್ಸಿನಲ್ಲಿ ಆಗಿದೆ. ಮೂರು ವರ್ಷ ತುಂಬುವ ಮೊದಲು ಮತ್ತು ಹತ್ತನೇ ತರಗತಿ ಮುಗಿದ ಮೇಲೆ ಸರ್ಕಾರದ ಕೈ ಮಗುವಿನವರೆಗೆ ಸರಿಯಾಗಿ ಚಾಚುವುದಿಲ್ಲ, ಬಡತನ ದಾಟುವುದು ಆ ಎರಡು ಕಡೆಯಲ್ಲೇ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಅದಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲಿ ಮಧ್ಯಾಹ್ನ ಉಣ್ಣಲು ಮನೆಗೆ ಹೋದ ಮಕ್ಕಳಲ್ಲಿ ಎಷ್ಟೋ ಮಂದಿ, ಮನೆಯಲ್ಲಿ ಒಲೆ ಹಚ್ಚದೇ ಇದ್ದುದರಿಂದಲೋ ಅಮ್ಮ ಹೊಲದಲ್ಲಿದ್ದುದರಿಂದಲೋ, ಮತ್ತೆ ಶಾಲೆಗೆ ಬರುತ್ತಿರಲಿಲ್ಲ. ಶೇಂಗಾ ಕೀಳುವ ದಿನಗಳಲ್ಲಂತೂ ಮಧ್ಯಾಹ್ನದ ನಂತರ ಅರ್ಧ ತರಗತಿ ಖಾಲಿಯಾಗುತ್ತಿತ್ತು. ಬಿಸಿಯೂಟ ಆ ಖಾಲಿಯನ್ನು ತುಂಬಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರಾಥಮಿಕ ತರಗತಿಯ ಮಗುವಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್ ಎಂಬುದು ಆ ಊಟದ ಲೆಕ್ಕ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಸೇರಿತು, ಆಮೇಲೆ ಮೊಟ್ಟೆ ಬಂತು. ಈ ಯೋಜನೆ ಗೆದ್ದದ್ದಕ್ಕೆ ಕಾರಣ ತೀರ ಸರಳವಾದದ್ದು. ಮಗು ಅರ್ಜಿ ಹಾಕಬೇಕಾಗಿಲ್ಲ, ಯಾರ ಸಹಿಯನ್ನೂ ತರಬೇಕಾಗಿಲ್ಲ, ಬಡವರ ಮಗುವೆಂದು ತೋರಿಸಿಕೊಳ್ಳಬೇಕಾಗಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತರೆ ಸಾಕು.

ಮೂರು ವರ್ಷದೊಳಗಿನ ಮಗುವಿಗೆ ಕುಳಿತುಕೊಳ್ಳಲು ಅಂಥ ಸಾಲು ಇಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಅಲ್ಲಿಂದ ಇಲ್ಲಿಯವರೆಗೆ ಅಂಗನವಾಡಿ ಪ್ರತಿ ಹಳ್ಳಿಗೂ ಬಂದಿದೆ, ನಿಜ. ಆದರೆ ಅಲ್ಲಿ ಕುಳಿತು ಬಿಸಿಯಾಗಿ ಉಣ್ಣುವುದು ಮೂರರಿಂದ ಆರು ವರ್ಷದ ಮಕ್ಕಳು. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಕೂಸಿಗೆ ಪುಷ್ಟಿ ಪುಡಿಯ ಪೊಟ್ಟಣ ಮನೆಗೆ ಹೋಗುತ್ತದೆ, ಮನೆಗೆ ಹೋದ ಪೊಟ್ಟಣ ಮನೆಯವರೆಲ್ಲರದೂ ಆಗುತ್ತದೆ.

ಒಂದು ಘಟನೆಯನ್ನು ಹೇಳುತ್ತೇನೆ. ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ, ಬೇವಿನ ಮರದ ಕೆಳಗೆ, ಹದಿನಾಲ್ಕು ತಿಂಗಳ ಹೆಣ್ಣುಕೂಸಿನ ತೋಳಿಗೆ ಅಳತೆಯ ಪಟ್ಟಿ ಸುತ್ತಿದ್ದೆ. ಆ ಪಟ್ಟಿಯಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಭಾಗಗಳಿರುತ್ತವೆ. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಆ ಕೂಸಿನದು 11.1ಕ್ಕೆ ನಿಂತಿತು. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ಇರಬೇಕಾಗುತ್ತದೆ, ಊಟ ಔಷಧ ಎಲ್ಲ ಅಲ್ಲಿಯೇ ಸಿಗುತ್ತದೆ, ನಿನ್ನ ಕೂಲಿ ನಷ್ಟಕ್ಕೂ ಸ್ವಲ್ಪ ಹಣ ಕೊಡುತ್ತಾರೆ ಎಂದು ತಾಯಿಗೆ ತಿಳಿಸಿ ಹೇಳಿದೆ. ಆಕೆ ಸೆರಗಿನಲ್ಲಿ ಕೂಸಿನ ಮೂಗು ಒರೆಸುತ್ತ, "ನಾನು ಅಲ್ಲಿ ಹೋಗಿ ಕುಂತ್ರೆ ಈ ಎರಡಕ್ಕೆ ಮುದ್ದೆ ಯಾರು ಇಕ್ತಾರೆ ಮೇಡಂ, ಕುರಿಮರಿ ಯಾರು ನೋಡ್ತಾರೆ?" ಎಂದಳು. ಒಳಗೆ ಹೋಗಿ ನೋಡಿದರೆ, ಅಂಗನವಾಡಿ ಕಾರ್ಯಕರ್ತೆ ಆ ಕೂಸಿಗೆಂದು ಕೊಟ್ಟಿದ್ದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಮೂರು ಬಟ್ಟಲಿಗೆ ಸಮನಾಗಿ ಹಾಕಿಟ್ಟಿದ್ದಳು. ಅದನ್ನು ತಪ್ಪೆನ್ನಲು ನನ್ನಿಂದ ಆಗಲಿಲ್ಲ, ಯಾವ ತಾಯಿಯಾದರೂ ಹಾಗೆಯೇ ಹಂಚುತ್ತಾಳೆ. ಮೂರನೇ ತರಗತಿಯಲ್ಲಿರಬೇಕಾದ ಹಿರಿಯ ಮಗಳು ಅಂದು ಶಾಲೆಗೆ ಹೋಗದೆ ಕೂಸನ್ನು ಎತ್ತಿಕೊಳ್ಳಲು ಮನೆಯಲ್ಲೇ ಉಳಿದಿದ್ದಳು. ಕೊನೆಗೆ ಬೇರೆ ಊರಿನಿಂದ ಅಜ್ಜಿಯನ್ನು ಕರೆಸಿ ಮನೆಯಲ್ಲಿರಿಸಿದ ಮೇಲೆ ತಾಯಿ ಆಸ್ಪತ್ರೆಗೆ ಹೊರಟಳು, ಕೂಸು ಚೇತರಿಸಿಕೊಂಡಿತು. ಕೇಂದ್ರವಿತ್ತು, ವೈದ್ಯರಿದ್ದರು, ಹಣವಿತ್ತು. ಅಷ್ಟಿದ್ದೂ ಅಜ್ಜಿ ಬಾರದಿದ್ದರೆ ಯಾವುದೂ ಆ ಕೂಸಿಗೆ ದಕ್ಕುತ್ತಿರಲಿಲ್ಲ.

ಅಂಕಿ ಅಂಶಗಳೂ ಇದನ್ನೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು 2015-16ರಲ್ಲಿ ಶೇ 36.2ರಷ್ಟಿದ್ದರು, 2019-21ರ ಸುತ್ತಿನಲ್ಲಿ ಶೇ 35.4ರಷ್ಟಿದ್ದರು. ಐದು ವರ್ಷದಲ್ಲಿ ಒಂದು ಅಂಶದಷ್ಟೂ ಇಳಿಯಲಿಲ್ಲ. ಮಕ್ಕಳ ರಕ್ತಹೀನತೆ ಶೇ 60.9ರಿಂದ ಶೇ 65.5ಕ್ಕೆ ಏರಿತು. ಮೊದಲ ಎರಡು ಮೂರು ವರ್ಷಗಳಲ್ಲಿ ಕಳೆದುಕೊಂಡ ಬೆಳವಣಿಗೆಯನ್ನು ಶಾಲೆಯ ಊಟ ಪೂರ್ತಿಯಾಗಿ ತುಂಬಿಕೊಡಲಾರದು.

ತಾಯಿ ದುಡಿಯುವ ಹೊತ್ತಿನಲ್ಲಿ ಕೂಸನ್ನು ಯಾರು ನೋಡಬೇಕೆಂಬ ಪ್ರಶ್ನೆ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಯಾದಾಗ ಚಿತ್ರದುರ್ಗವೂ ದಾವಣಗೆರೆಯೂ ಅದರಲ್ಲಿದ್ದವು. ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು ಕಾನೂನಿನಲ್ಲೇ ಬರೆದಿತ್ತು. ನಾನು ಕಂಡ ಹೆಚ್ಚಿನ ಕಡೆ ಜಾಲಿ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯೇ ಆ ಏರ್ಪಾಡಾಗಿತ್ತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲೆಂದು ಈಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ 'ಕೂಸಿನ ಮನೆ' ನನ್ನ ಮಟ್ಟಿಗೆ ಈ ಇಪ್ಪತ್ತು ವರ್ಷಗಳ ಅತ್ಯಂತ ಸರಿಯಾದ ಯೋಚನೆ. ಅದರ ತೊಡಕೆಂದರೆ ಅದು ಪಂಚಾಯಿತಿಯ ಊರಿನಲ್ಲಿರುತ್ತದೆ, ಹಟ್ಟಿ ಇರುವುದು ಅಲ್ಲಿಂದ ದೂರದಲ್ಲಿ. 2017ರ ಅಕ್ಟೋಬರ್ 2ರಂದು ಬಂದ ಮಾತೃಪೂರ್ಣಕ್ಕೂ ಇದೇ ಕಷ್ಟವಾಗಿತ್ತು. ಗರ್ಭಿಣಿಯರು ದಿನವೂ ಅಂಗನವಾಡಿಗೆ ಬಂದು ಉಣ್ಣಬೇಕಿತ್ತು, ಏಳು ತಿಂಗಳ ಗರ್ಭಿಣಿ ಉರಿಬಿಸಿಲಿನಲ್ಲಿ ಒಂದು ಊಟಕ್ಕಾಗಿ ಮೈಲುಗಟ್ಟಲೆ ನಡೆಯುವುದು ಆಗುವ ಮಾತಲ್ಲ.

ಇನ್ನು ಹತ್ತನೇ ತರಗತಿಯ ನಂತರದ ವಯಸ್ಸು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರವೂ 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ತಡೆಯುತ್ತದೆ. ಹೀಗೆ ಎರಡು ಕಾನೂನುಗಳೂ ಹದಿನಾಲ್ಕಕ್ಕೆ ಮಗುವಿನ ಕೈ ಸಡಿಲಿಸುತ್ತವೆ. ದೀಪಾವಳಿ ಕಳೆದ ಮೇಲೆ ಎಷ್ಟೋ ತಾಂಡಾಗಳಿಂದ ಕುಟುಂಬಗಳು ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಗುಳೆ ಹೊರಡುತ್ತವೆ. ಹಾಸ್ಟೆಲಿನಲ್ಲಿ ಸೀಟು ಸಿಕ್ಕ ಹುಡುಗಿ ಉಳಿದು ಓದುತ್ತಾಳೆ, ಸಿಗದವಳು ಅಪ್ಪ ಅಮ್ಮನ ಜೊತೆ ಲಾರಿ ಹತ್ತುತ್ತಾಳೆ. ಪಿಯು ಕಾಲೇಜು ತಾಲ್ಲೂಕು ಕೇಂದ್ರದಲ್ಲಿದೆ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿದ್ದು ದೊಡ್ಡ ಉಪಕಾರ, ಆದರೆ ಬಸ್ಸು ನಿಲ್ಲುವುದು ಮುಖ್ಯರಸ್ತೆಯಲ್ಲಿ, ಸಂಜೆ ಕತ್ತಲಾದ ಮೇಲೆ ಅಲ್ಲಿಂದ ತಾಂಡಾದವರೆಗೆ ಮಗಳು ಒಬ್ಬಳೇ ನಡೆಯಬೇಕಲ್ಲ ಎಂಬ ಅಂಜಿಕೆಯಲ್ಲಿ ತಂದೆ ಓದು ಬಿಡಿಸುತ್ತಾನೆ, ಬಿಡಿಸಿದ ಮೇಲೆ ಮದುವೆಯ ಮಾತು ಬರುತ್ತದೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿದೆ. ಹಾಗಿದ್ದೂ 2019-21ರ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು.

ನಾನು ಎರಡು ಕಡೆ ಎಂದೆನಲ್ಲ, ಅವೆರಡೂ ಸೇರುವುದು ಇಲ್ಲಿ. ಹದಿನೇಳಕ್ಕೆ ಮದುವೆಯಾಗಿ, ತನ್ನ ಮೈಯಲ್ಲೇ ರಕ್ತವಿಲ್ಲದೆ ಹದಿನೆಂಟಕ್ಕೆ ಹೆತ್ತವಳ ಕೂಸೇ ಹೆಚ್ಚಾಗಿ ಆ ಪಟ್ಟಿಯ ಕೆಂಪು ಭಾಗಕ್ಕೆ ಬರುವುದು. ಬೇವಿನ ಮರದ ಕೆಳಗೆ ಮೂಗು ಒರೆಸುತ್ತಿದ್ದ ತಾಯಿಗೆ ಆಗ ಇಪ್ಪತ್ತಾರು, ಹಿರಿಯ ಮಗಳಿಗೆ ಎಂಟು. ಲೆಕ್ಕ ಹಾಕಿದರೆ ತಿಳಿಯುತ್ತದೆ.

ಗಂಡುಮಕ್ಕಳ ಕಥೆಯೂ ಬೇರೆಯಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಅವರಿಗೂ ಕಷ್ಟವಿದೆ, ಇಲ್ಲವೆನ್ನುವುದಿಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ಬೆಂಗಳೂರಿನ ಹೋಟೆಲಿಗೆ ತಟ್ಟೆ ತೊಳೆಯಲು ಹೋದ ನಮ್ಮ ಹುಡುಗ ಮಾತ್ರ ಆ ಲೆಕ್ಕದಲ್ಲಿ ಇಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು ನಡೆಯುತ್ತಿದ್ದಾಗ ಹೆಚ್ಚು ಓದದವನಿಗೂ ಪಾಳಿಯ ಕೆಲಸ, ತಿಂಗಳ ಸಂಬಳ ಸಿಗುತ್ತಿತ್ತು. ಗಿರಣಿಗಳು ಮುಚ್ಚಿದ ಮೇಲೆ ಆ ದಾರಿಯೂ ಇಲ್ಲವಾಯಿತು.

ವರಮಾನದ ಬದಲು ಆರೋಗ್ಯ, ಶಿಕ್ಷಣ, ಜೀವನಮಟ್ಟದ ಕೊರತೆಗಳನ್ನು ಅಳೆಯುವ ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕದಲ್ಲಿ ಕರ್ನಾಟಕದ ಬಡವರ ಪ್ರಮಾಣ 2015-16ರಿಂದ 2019-21ರ ನಡುವೆ ಶೇ 12.77ರಿಂದ ಶೇ 7.58ಕ್ಕೆ ಇಳಿಯಿತು. ಅದನ್ನು ಸುಳ್ಳೆನ್ನಬೇಡಿ, ಶೌಚಾಲಯ, ಗ್ಯಾಸು, ವಿದ್ಯುತ್ತು, ಬ್ಯಾಂಕ್ ಖಾತೆ ಎಲ್ಲ ಬಂದಿರುವುದನ್ನು ನಾನೂ ನೋಡಿದ್ದೇನೆ. ಆದರೆ ಆ ಸೂಚ್ಯಂಕ ಶಾಲೆಯ ಹಾಜರಿಯನ್ನು ಎಂಟನೇ ತರಗತಿ ಮುಗಿಸುವ ವಯಸ್ಸಿನವರೆಗೆ ಮಾತ್ರ ನೋಡುತ್ತದೆ. ಲಾರಿ ಹತ್ತಿದ ಹುಡುಗಿ ಅದರ ಕಣ್ಣಿಗೆ ಬೀಳುವುದಿಲ್ಲ.

ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆ ಕೇಳಿದ್ದೀರಿ. ನಾನು ಬಲ್ಲ ಮನೆಗಳಲ್ಲಿ ಆ ಹಣ ಮಕ್ಕಳ ನೋಟ್‌ಬುಕ್ಕು, ಆಸ್ಪತ್ರೆ, ಸಂಘದ ಕಂತಿಗೆ ಹೋಗುತ್ತಿದೆ, ಅದು ತಾಯಿಯ ಖಾತೆಗೇ ಬರುವುದು ಸರಿಯಾದ ತೀರ್ಮಾನ.

ಅರ್ಜಿ ಹಾಕಿ ಪಡೆಯಬೇಕಾದ ಯೋಜನೆಗಳಲ್ಲಿ ಒಂದನ್ನು ನಿಮ್ಮಂತಹ ಓದುಬರಹ ಬಲ್ಲವರು ಊರಿನಲ್ಲಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ತಂದೆ ತೀರಿಹೋದ, ಇಬ್ಬರೂ ಇಲ್ಲದೆ ಅಜ್ಜಿಯ ಮನೆಯಲ್ಲಿರುವ, ತಂದೆ ತಾಯಿಗೆ ಮಾರಕ ಕಾಯಿಲೆ ಇರುವ ಮಕ್ಕಳಿಗೆ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವರಮಾನ ವರ್ಷಕ್ಕೆ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ಮೀರಿರಬಾರದು. ನಾನು ಕೈ ಹಿಡಿದು ಕರೆದೊಯ್ದ ಒಬ್ಬ ವಿಧವೆಯ ಅರ್ಜಿಯನ್ನು ಒಂದು ಕಚೇರಿಯಲ್ಲಿ ಮೂರು ಸಲ ಹಿಂದಿರುಗಿಸಿದರು. ಆಧಾರ್‌ನಲ್ಲಿ ಆಕೆಯ ಹೆಸರಿನ ಕೊನೆಗೆ 'ಮ್ಮ' ಇತ್ತು, ರೇಷನ್ ಕಾರ್ಡಿನಲ್ಲಿ ಇರಲಿಲ್ಲ. ಪ್ರತಿ ಸಲವೂ ಆಕೆ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ನೀವು ಅಂಥವರ ಜೊತೆಗೆ ಹೋಗುವುದಾದರೆ ಮೊದಲು ಎಲ್ಲ ದಾಖಲೆಗಳಲ್ಲಿಯೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಸಿ, ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ದಾರಿ ತಿಳಿಯದಿದ್ದರೆ 1098ಕ್ಕೆ ಕರೆ ಮಾಡಿ, ಬಾಲ್ಯವಿವಾಹದ ಸುಳಿವು ಸಿಕ್ಕಾಗಲೂ ಅದೇ ಸಂಖ್ಯೆ. ಜೊತೆಗೆ, ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುವ ದಿನ ತಪ್ಪದೆ ಹೋಗಿ, ಕೂಸಿನ ಮನೆಯ ಬಾಗಿಲು ಬೆಳಿಗ್ಗೆ ಎಷ್ಟು ಗಂಟೆಗೆ ತೆರೆಯುತ್ತದೆ, ಹೆಂಗಸರು ಕೂಲಿಗೆ ಹೊರಡುವುದು ಎಷ್ಟು ಗಂಟೆಗೆ ಎಂದು ಎಲ್ಲರ ಎದುರು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.