ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಪೈಲಟ್ ನಾದ್ಯಾ ಪೊಪೊವಾ ಒಬ್ಬರೇ 852 ಸಲ ದಾಳಿಗೆ ಹಾರಿದ್ದು ಹೇಗೆ ಸಾಧ್ಯ?

ವಿಮಾನ ತೀರಾ ಚಿಕ್ಕದಾಗಿತ್ತು, ಅದಕ್ಕೇ ಅಷ್ಟು ಸಲ. ಅವರಿದ್ದ 588ನೇ ರಾತ್ರಿ ಬಾಂಬರ್ ರೆಜಿಮೆಂಟಿನಲ್ಲಿ ಪೈಲಟ್‌ನಿಂದ ಮೆಕ್ಯಾನಿಕ್‌ವರೆಗೆ ಎಲ್ಲರೂ ಹೆಣ್ಣುಮಕ್ಕಳೇ. ಸಿಕ್ಕಿದ್ದು ಮಾತ್ರ ಪೊ-2, ಅಂದರೆ ತರಬೇತಿಗೆ, ಹೊಲಕ್ಕೆ ಔಷಧಿ ಹೊಡೆಯೋಕೆ ಬಳಸುತ್ತಿದ್ದ ಮರ-ಬಟ್ಟೆಯ ವಿಮಾನ. ಒಂದು ಸಲಕ್ಕೆ ಕೆಲವೇ ಬಾಂಬ್ ಹೊರುತ್ತಿತ್ತು. ಹಾಗಾಗಿ ಹೋಗಿ, ಹಾಕಿ, ವಾಪಸ್ ಬಂದು, ಬಾಂಬ್ ಕಟ್ಟಿಸಿಕೊಂಡು ಮತ್ತೆ ಹೊರಡಬೇಕು. ಪೊಪೊವಾ ಒಂದೇ ರಾತ್ರಿ 18 ಸಲ ಹಾರಿದ್ದೂ ಇದೆ.

ಅಷ್ಟು ನಿಧಾನದ ವಿಮಾನದಲ್ಲಿ ಬದುಕಿ ಬಂದದ್ದು ಹೇಗೆ ಅಂದರೆ, ಗುರಿ ಹತ್ತಿರವಾದ ಕೂಡಲೇ ಇಂಜಿನ್ ಸದ್ದಡಗಿಸಿ ಕತ್ತಲಲ್ಲಿ ತೇಲಿಕೊಂಡು ಬರುತ್ತಿದ್ದರು, ಕೆಳಗಿದ್ದವರಿಗೆ ರೆಕ್ಕೆಯ ತಂತಿಗಳ ಸುಯ್ಯೆನ್ನುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ, ಪೊರಕೆ ಮೇಲೆ ಮಾಟಗಾತಿ ಹೋದ ಹಾಗೆ. ಜರ್ಮನ್ನರು ಇವರನ್ನು 'ರಾತ್ರಿಯ ಮಾಟಗಾತಿಯರು' ಅಂದಿದ್ದು ಸುಮ್ನೆ ಅಲ್ಲ.

ಬಹುಕಾಲ ಪ್ಯಾರಾಚೂಟೂ ಇರಲಿಲ್ಲ. ಆ ತೂಕ ಉಳಿದರೆ ಬಾಂಬ್ ಜಾಸ್ತಿ ಹೊರಬಹುದು, ಅಲ್ವಾ! ಯುದ್ಧ ರಷ್ಯಾಕ್ಕೆ ಬಂದಾಗ, 1941ರಲ್ಲಿ, ಪೊಪೊವಾಗೆ ಬರೀ 19 ವರ್ಷ. ಆಗಲೇ ಬೇರೆಯವರಿಗೆ ವಿಮಾನ ಹಾರಿಸೋದು ಕಲಿಸುತ್ತಿದ್ದರು. ತೀರಿಕೊಂಡದ್ದು 2013ರಲ್ಲಿ, 91ರ ವಯಸ್ಸಿನಲ್ಲಿ.