ಫ್ಯಾಕ್ಟರಿ ಬೇರೆ ಕಡೆ ಹೋಗುವಾಗ ಯಾರ ಮಾತು ನಂಬಬೇಕು?

ನಿಮ್ಮ ಕಂಪನಿ ಉತ್ಪಾದನೆಯನ್ನು ಬೇರೆ ಕಡೆ ಸಾಗಿಸಲು ಹೊರಟಿದೆ, ಮ್ಯಾನೇಜ್‌ಮೆಂಟ್ ಉಳಿತಾಯ ಅನ್ನುತ್ತಿದೆ, ಯೂನಿಯನ್ ಮೋಸ ಅನ್ನುತ್ತಿದೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿ ಕೆಲಸ ಮಾಡುವವನು. ನನ್ನ ಪ್ರಕಾರ ಇಬ್ಬರ ಲೆಕ್ಕವೂ ಸರಿಯೇ ಇರಬಹುದು, ಆದರೆ ಲೆಕ್ಕ ತಪ್ಪಿದರೆ ದಂಡ ಕಟ್ಟುವವರು ಯಾರು ಅನ್ನುವುದೇ ನಿಜವಾದ ಜಗಳ.

ಮ್ಯಾನೇಜ್‌ಮೆಂಟ್ ತೋರಿಸುವ ಹಾಳೆಯಲ್ಲಿ ಕೂಲಿ, ಕರೆಂಟು, ಬಾಡಿಗೆ, ತೆರಿಗೆ ವಿನಾಯಿತಿ ಎಲ್ಲ ಚೆನ್ನಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ನಡುವಿನ ತಿಂಗಳುಗಳು. ಹಳೆಯದು ನಿಲ್ಲುವ ಮುಂಚೆ ಹೊಸದು ಶುರುವಾಗಬೇಕು, ಅಂದರೆ ಎರಡು ಕಡೆಯೂ ಖರ್ಚು. ಮೆಷಿನ್ ಲಾರಿ ಹತ್ತುವ ಮುಂಚೆ ಸ್ಟಾಕ್ ಮಾಡಿಟ್ಟುಕೊಳ್ಳಬೇಕು, ಅದಕ್ಕೆ ದುಡ್ಡು ಕಟ್ಟಿಹಾಕಬೇಕು. ಹೊಸ ಜಾಗದ ಮಾಲನ್ನು ಗ್ರಾಹಕರು ಮತ್ತೆ ಪರೀಕ್ಷೆ ಮಾಡಿ ಒಪ್ಪಬೇಕು. ಇನ್ನು ಹಳೇ ಆಪರೇಟರ್ ಕೈಯಲ್ಲಿರುವ ಕೆಲಸ ಯಾವ ಫೈಲಿನಲ್ಲೂ ಇರುವುದಿಲ್ಲ. ಮೋಲ್ಡ್ (ಅಚ್ಚು) ತಣ್ಣಗಿದ್ದಾಗ ಮೊದಲ ಕೆಲವು ಪೀಸ್ ಎತ್ತಿ ಪಕ್ಕಕ್ಕೆ ಹಾಕಬೇಕು ಅಂತ ಅವನಿಗೆ ಗೊತ್ತು, ಹೊಸಬನಿಗೆ ರಿಜೆಕ್ಷನ್ ರಾಶಿ ಬಿದ್ದಮೇಲೆ ಗೊತ್ತಾಗುತ್ತದೆ.

ಯೂನಿಯನ್ನಿನವರೂ ಒಂದು ವಿಷಯ ಮುಚ್ಚಿಡುತ್ತಾರೆ. ಆರ್ಡರ್ ಕಡಿಮೆಯಾಗಿ ನಷ್ಟದಲ್ಲಿರುವ ಫ್ಯಾಕ್ಟರಿ ಅಲ್ಲೇ ಇದ್ದರೂ ಕೆಲಸ ಉಳಿಯುವ ಗ್ಯಾರಂಟಿ ಇಲ್ಲ. ಇವರಿಬ್ಬರ ಮಧ್ಯೆ ಸಪ್ಲೈಯರ್ ಪಾಡು ಯಾರಿಗೂ ನೆನಪಾಗುವುದಿಲ್ಲ. ಇದೊಂದೇ ಕಂಪನಿಯನ್ನು ನಂಬಿ ಸಾಲ ಮಾಡಿ ಮೆಷಿನ್ ತಂದಿರುತ್ತಾನೆ, ಸುದ್ದಿ ಮಾತ್ರ ಎಲ್ಲರಿಗಿಂತ ಕೊನೆಗೆ ಅವನಿಗೆ.

ನೋಕಿಯಾ ಕಥೆ ನೋಡಿ. 2008ರ ಜನವರಿಯಲ್ಲಿ ಜರ್ಮನಿಯ ಬೋಖುಮ್ ಫ್ಯಾಕ್ಟರಿ ಮುಚ್ಚಿ ರೊಮೇನಿಯಾದ ಕ್ಲೂಜ್ ಕಡೆ ಹೋಗುತ್ತೇವೆ ಅಂದಿತು. ಸುಮಾರು 2,300 ಜನರ ಕೆಲಸ. ಆಮೇಲೆ ಕೆಲವೇ ದಿನಕ್ಕೆ ಹಿಂದಿನ ವರ್ಷದ ಭಾರಿ ಲಾಭವನ್ನೂ ಪ್ರಕಟಿಸಿತು, ಜನರಿಗೆ ಉರಿಯದೆ ಇರುತ್ತಾ? ಬೋಖುಮ್ ಇರುವ ರಾಜ್ಯದ ಸರ್ಕಾರ ತಾನು ಕೊಟ್ಟಿದ್ದ ಸಬ್ಸಿಡಿ ವಾಪಸ್ ಕೇಳಿತು, ಕೆಲವು ರಾಜಕಾರಣಿಗಳು ನೋಕಿಯಾ ಫೋನನ್ನೇ ಬಿಟ್ಟರು. ಕೊನೆಗೆ ಕಾರ್ಮಿಕರಿಗೆ 20 ಕೋಟಿ ಯೂರೋ ಪರಿಹಾರಕ್ಕೆ ಒಪ್ಪಂದವಾಯಿತು. ಇಷ್ಟೆಲ್ಲ ಮಾಡಿ ಕಟ್ಟಿದ ಕ್ಲೂಜ್ ಫ್ಯಾಕ್ಟರಿಯನ್ನೂ ಮುಚ್ಚುತ್ತೇವೆ ಅಂತ 2011ರಲ್ಲಿ ಹೇಳಿದರು. ಸ್ಮಾರ್ಟ್‌ಫೋನ್ ಬಂದು ಮಾರುಕಟ್ಟೆಯೇ ಬದಲಾಗಿತ್ತು, ಅಗ್ಗದ ಕೂಲಿ ಅದಕ್ಕೆ ಏನು ಮಾಡೀತು?

ಹಾಗಾಗಿ ಮೀಟಿಂಗ್‌ನಲ್ಲಿ ಹೋಗಬೇಕಾ ಬೇಡವಾ ಅಂತ ಸುಮ್ನೆ ಕೂಗಾಡಬೇಡಿ. ಆರು ತಿಂಗಳು ತಡವಾದರೆ ಎಷ್ಟು ಖರ್ಚು, ಅದನ್ನು ಯಾವ ಬಜೆಟ್‌ನಿಂದ ಕೊಡುತ್ತೀರಿ ಅಂತ ಕೇಳಿ. ಜೊತೆಗೆ ಹೋಗದವರಿಗೆ ಪರಿಹಾರ ಎಷ್ಟು, ಸಪ್ಲೈಯರ್‌ಗೆ ಎಷ್ಟು ದಿನ ಮುಂಚೆ ಹೇಳುತ್ತೀರಿ ಅಂತಲೂ ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ. ಮೊದಲ ಮೆಷಿನ್ ಬಿಚ್ಚಿದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.